ಗುರುಗಳು ಬಾರದ ಭಾನುವಾರ



ಕಳೆದ ಮಳೆಗಾಲದ ಒಂದು ಸಣ್ಣ ಸಂಗತಿಯನ್ನು ನಿಮ್ಮೆದುರು ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇನೆ. ಇದನ್ನು ಪಾಪನಿವೇದನೆ ಎಂದರೂ ತಪ್ಪಿಲ್ಲ.

ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಂದು ಉಪಕೇಂದ್ರ ಕಾಫಿ ತೋಟಗಳ ನಡುವೆ ಇದೆ. ಹಂಚಿನ ಮಾಡಿನ ಪುಟ್ಟ ಪ್ರಾರ್ಥನಾಲಯ, ಸುತ್ತಲೂ ತೋಟದ ಲೈನ್ ಮನೆಗಳು, ಮೂವತ್ತು ಮೂವತ್ತೈದು ಕುಟುಂಬಗಳು. ತಿಂಗಳ ಎರಡನೆಯ ಭಾನುವಾರ ಅಲ್ಲಿ ಬಲಿಪೂಜೆ. ಆ ಭಾನುವಾರ ಬೆಳಿಗ್ಗೆ ಹೊರಟವನಿಗೆ ಅರ್ಧ ದಾರಿಯಲ್ಲಿ ಧರೆ ಕುಸಿದು ಮರ ಅಡ್ಡ ಬಿದ್ದಿರುವುದು ಕಂಡಿತು. ಫೋನಿಗೆ ಸಿಗ್ನಲ್ ಇಲ್ಲ. ಮೂರು ಗಂಟೆ ಜೀಪಿನಲ್ಲೇ ಕಾದು ಹಿಂದಿರುಗಿದೆ. ಪಾಪ, ಜನ ಮಳೆಯಲ್ಲಿ ನೆನೆದು ಬಂದು, ಕಾದು ಕಾದು, ಬೇಸರದಿಂದ ಮನೆಗೆ ಹೋಗಿರಬೇಕು ಎಂಬ ಕೊರಗು ಮೂರು ದಿನ ಬಿಡಲಿಲ್ಲ.

ಬುಧವಾರ ರಸ್ತೆ ತೆರವಾಯಿತು. ಕ್ಷಮೆ ಕೇಳುವ ಮಾತುಗಳನ್ನು ಸಿದ್ಧಪಡಿಸಿಕೊಂಡೇ ಹೋದೆ. ಪ್ರಾರ್ಥನಾಲಯದ ಬೀಗದ ಕೈ ಇಟ್ಟುಕೊಂಡಿರುವ ಅಜ್ಜಿ ಜಗಲಿಯಲ್ಲಿ ಸೌದೆ ಒಟ್ಟುತ್ತಿದ್ದರು. "ಅಯ್ಯೋ ಬಿಡಿ ಫಾದರ್, ಆ ಮಳೇಲಿ ನೀವು ಬರೋಕಾಗಲ್ಲ ಅಂತ ಗೊತ್ತಾಯ್ತು. ಒಂಬತ್ತಕ್ಕೆ ಗಂಟೆ ಹೊಡೆದ್ವಿ. ಹುಡುಗಿ ವಾಚನ ಓದಿದ್ಲು. ಜಪಸರ ಮಾಡಿದ್ವಿ. ಆ ಜಾರ್ಖಂಡಿನ ಎರಡು ಮನೆಯವರೂ ಬಂದಿದ್ರು" ಎಂದರು.

ಯಾವ ಜಾರ್ಖಂಡಿನ ಮನೆಗಳು? ನನಗೆ ಗೊತ್ತೇ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು. ತೋಟದ ಕೂಲಿಗೆಂದು ದೂರದಿಂದ ಬಂದ ಎರಡು ಕಥೋಲಿಕ ಕುಟುಂಬಗಳು ನಾಲ್ಕು ತಿಂಗಳಿಂದ ಅಲ್ಲೇ ಇದ್ದವು. "ಅವಳ ಭಾಷೆ ನಂಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ಕಳೆ ಕೀಳುವಾಗ ಕೊರಳಲ್ಲಿ ಜಪಸರ ಕಾಣ್ತು. ಕೈ ಹಿಡ್ಕೊಂಡು ಕರ್ಕೊಂಡು ಬಂದೆ" ಎಂದರು ಅಜ್ಜಿ, ಅದೇನು ದೊಡ್ಡ ಸಂಗತಿ ಎಂಬಂತೆ.

ನನಗೆ ಬಹಳ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಸಂತೋಷದ ಅಡಿಯಲ್ಲಿ ಎಲ್ಲೋ ಒಂದು ಮುಳ್ಳು ಚುಚ್ಚಿತು. ನಾನಿಲ್ಲದೆಯೇ ಎಲ್ಲವೂ ನಡೆದುಹೋಯಿತಲ್ಲ! ನನ್ನನ್ನು ಯಾರೂ ಕಾಯಲಿಲ್ಲವಲ್ಲ! ಹಿಂದಿರುಗುವ ದಾರಿಯುದ್ದಕ್ಕೂ ಆ ಮುಳ್ಳನ್ನೇ ಮುಟ್ಟಿ ನೋಡಿಕೊಳ್ಳುತ್ತಾ ಬಂದೆ. ಹಾಗಾದರೆ ಧರ್ಮಸಭೆ ಯಾರದು? ಆ ಅಜ್ಜಿಯದೋ, ನನ್ನದೋ? "ಕ್ರಿಸ್ತರದು" ಎಂದು ನೀವು ಥಟ್ಟನೆ ಹೇಳಿಬಿಡುತ್ತೀರಿ. ಉತ್ತರ ಸರಿ. ಆದರೆ ನಮ್ಮೆಲ್ಲರ ನಡತೆ ಆ ಉತ್ತರದಂತೆ ಇದೆಯೇ?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಮಗೆ ಒಂದು ಲ್ಯಾಟಿನ್ ಸೂತ್ರವನ್ನು ಬಾಯಿಪಾಠ ಮಾಡಿಸಿದ್ದರು: ‘ಬೋನುಮ್ ಎಸ್ಟ್ ಡಿಫ್ಯೂಸಿವುಮ್ ಸುಯಿ’. ಒಳಿತು ತಾನಾಗಿಯೇ ಹರಡುತ್ತದೆ, ಹರಡುವುದೇ ಅದರ ಸ್ವಭಾವ ಎಂದು ಅರ್ಥ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದೆವು, ಮರೆತೆವು. ಅದೇ ತರಗತಿಯಲ್ಲಿ ಸಂತ ಥಾಮಸ್ ಅಕ್ವಿನಾಸರ ಇನ್ನೊಂದು ವಿಚಾರವನ್ನೂ ಓದಿದ್ದೆವು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ನಿಜವಾಗಿ ಕಲಿಸಬಲ್ಲನೇ ಎಂದು ಅವರು ಕೇಳಿಕೊಳ್ಳುತ್ತಾರೆ. ಕಲಿಸಬಲ್ಲನು, ಆದರೆ ಅದು ವೈದ್ಯನು ವಾಸಿಮಾಡುವ ರೀತಿಯಲ್ಲಿ ಎನ್ನುತ್ತಾರೆ. ವೈದ್ಯನು ಆರೋಗ್ಯವನ್ನು ಹೊರಗಿನಿಂದ ತಂದು ರೋಗಿಯೊಳಗೆ ಸುರಿಯುವುದಿಲ್ಲ. ದೇಹದಲ್ಲೇ ಇರುವ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ಕಲಿಯುವವನು ಕಲಿಯುವುದು ದೇವರು ಅವನಲ್ಲಿ ಹಚ್ಚಿಟ್ಟ ಬೆಳಕಿನಿಂದ. ಗುರು ನೆರವಾಗುತ್ತಾನೆ, ಅಷ್ಟೆ. ಇದನ್ನು ವಿಶ್ವಾಸಕ್ಕೂ ಅನ್ವಯಿಸಿ ನೋಡಿ. ವಿಶ್ವಾಸವು ಗುರುಗಳ ಮನೆಯ ಕಪಾಟಿನಲ್ಲಿದ್ದು ಭಾನುವಾರ ಭಾನುವಾರ ಅಳೆದು ಕೊಡುವ ಪಡಿತರವಲ್ಲ.

ಇದೆಲ್ಲ ಪುಸ್ತಕದ ಮಾತಾಯಿತು ಎನ್ನುತ್ತೀರೇನೋ. ಪುಸ್ತಕದ ಮಾತು ನಿಜವಾಗಿ ನಡೆದುಹೋದ ನಾಡೊಂದಿದೆ. ಅದು ಕೊರಿಯ.

ಜಗತ್ತಿನ ಬಹುತೇಕ ನಾಡುಗಳಿಗೆ ಶುಭಸಂದೇಶವನ್ನು ಯಾರಾದರೂ ಧರ್ಮಪ್ರಚಾರಕರು ಕೊಂಡೊಯ್ದರು. ಕೊರಿಯದ ಧರ್ಮಸಭೆಯನ್ನು ಸ್ಥಾಪಿಸಿದ ಪಾದ್ರಿ ಯಾರು ಎಂದು ಕೇಳಿದರೆ, ಯಾರೂ ಇಲ್ಲ ಎನ್ನಬೇಕಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಆ ದೇಶದ ಬಾಗಿಲು ಪರಕೀಯರಿಗೆ ಮುಚ್ಚಿತ್ತು. ವರ್ಷಕ್ಕೊಮ್ಮೆ ಚೀನಾದ ಚಕ್ರವರ್ತಿಗೆ ಕಪ್ಪ ಒಪ್ಪಿಸಲು ರಾಯಭಾರಿಗಳು ಬೀಜಿಂಗಿಗೆ ಹೋಗುತ್ತಿದ್ದರು. ಬರುವಾಗ ಪುಸ್ತಕಗಳನ್ನು ತರುತ್ತಿದ್ದರು. ಯೇಸುಸಭೆಯ ಮತ್ತೆಯೋ ರಿಚ್ಚಿ ಚೀನೀ ಭಾಷೆಯಲ್ಲಿ 1603ರಲ್ಲಿ ಪ್ರಕಟಿಸಿದ, ಪರಲೋಕದ ಒಡೆಯನ ನಿಜಾರ್ಥವನ್ನು ಕುರಿತ ಗ್ರಂಥ ಹೀಗೆ ಕೊರಿಯದ ವಿದ್ವಾಂಸರ ಕೈಸೇರಿತು. ಕನ್ಫ್ಯೂಶಿಯಸನ ಗ್ರಂಥಗಳಲ್ಲಿ ಮುಳುಗಿದ್ದ ಕೆಲವು ತರುಣರು ಅದನ್ನು ಓದಿ ತಮ್ಮೊಳಗೆ ಚರ್ಚಿಸಿದರು. ಓದಿದ್ದು ಸಾಲದೆನಿಸಿತು. ಅವರಲ್ಲಿ ಯೀ ಬ್ಯೊಕ್ ಎಂಬಾತ, ತಂದೆಯೊಡನೆ ರಾಯಭಾರಿಗಳ ತಂಡದಲ್ಲಿ ಬೀಜಿಂಗಿಗೆ ಹೊರಟಿದ್ದ ಗೆಳೆಯ ಯೀ ಸುಂಗ್ ಹೂನನಿಗೆ, ಅಲ್ಲಿನ ಚರ್ಚಿಗೆ ಹೋಗಿ ವಿಚಾರಿಸಿಕೊಂಡು ಬಾ ಎಂದು ಹೇಳಿ ಕಳುಹಿಸಿದ. ಆ ಗೆಳೆಯ 1784ರ ಆರಂಭದಲ್ಲಿ ಅಲ್ಲಿನ ಫ್ರೆಂಚ್ ಗುರು ಗ್ರಾಮೊಂ ಅವರಿಂದ ಜ್ಞಾನಸ್ನಾನ ಪಡೆದು, ಪೇತ್ರ ಎಂಬ ಹೆಸರಿನೊಡನೆ, ಪುಸ್ತಕ, ಶಿಲುಬೆ, ಜಪಸರಗಳನ್ನು ತೆಗೆದುಕೊಂಡು ಊರಿಗೆ ಬಂದ. ಬಂದವನು ಯೀ ಬ್ಯೊಕನಿಗೆ ಜ್ಞಾನಸ್ನಾನ ಕೊಟ್ಟ. ಇನ್ನೂ ಕೆಲವರಿಗೆ ಕೊಟ್ಟ. ಅವರು ಇನ್ನೂ ಹಲವರಿಗೆ ಕೊಟ್ಟರು.

(1784 ಎಂದೊಡನೆ ನಮ್ಮ ಕರಾವಳಿಯ ಓದುಗರಿಗೆ ಬೇರೆಯೇ ನೆನಪು ಬಂದೀತು. ಅದೇ ವರ್ಷ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರ ನಂತರ ಊರಿಗೆ ಮರಳಿದ ಜನ ದೇವಾಲಯಗಳನ್ನು ಮತ್ತೆ ಕಟ್ಟಿದರು. ಅದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು.)

ಸಿಯೋಲ್ ನಗರದಲ್ಲಿ ಕಿಮ್ ಬೊಮ್ ಊ ಎಂಬ ದುಭಾಷಿಯ ಮನೆಯಲ್ಲಿ ಅವರು ಸೇರತೊಡಗಿದರು. 1785ರಲ್ಲಿ ಅಧಿಕಾರಿಗಳಿಗೆ ಇದು ಗೊತ್ತಾಯಿತು. ಕುಲೀನರ ಮಕ್ಕಳನ್ನು ಗದರಿಸಿ ಬಿಟ್ಟರು. ಅಷ್ಟು ಮೇಲಿನ ಕುಲದವನಲ್ಲದ ಮನೆಯೊಡೆಯನನ್ನು ಮಾತ್ರ ಹೊಡೆದು ಗಡೀಪಾರು ಮಾಡಿದರು. ಆ ಪೆಟ್ಟುಗಳಿಂದಲೇ ಆತ ತೀರಿಕೊಂಡ. ಮನೆಯ ಬಾಗಿಲು ತೆರೆದವನೇ ಮೊದಲು ಬೆಲೆ ತೆತ್ತ! ಆ ಮನೆಯಿದ್ದ ಕೇರಿಯಲ್ಲೇ ಇಂದು ಸಿಯೋಲಿನ ಮ್ಯೊಂಗ್‌ಡೊಂಗ್ ಪ್ರಧಾನ ದೇವಾಲಯ ನಿಂತಿದೆ.

ಹತ್ತು ವರ್ಷ ಕಳೆಯಿತು. 1794ರ ಕೊನೆಯಲ್ಲಿ ಚೀನಾದ ಗುರು ಯಕೋಬ ಜೌ ವೆನ್‌ಮೋ ಗುಟ್ಟಾಗಿ ಗಡಿ ದಾಟಿ ಒಳಬಂದಾಗ ಅವರನ್ನು ಕಾಯುತ್ತಿದ್ದ ಕ್ರೈಸ್ತರು ಎಷ್ಟು ಮಂದಿ ಗೊತ್ತೇ? ಸುಮಾರು 4,000. ಅವರಲ್ಲಿ ಒಬ್ಬರಾದರೂ ತಮ್ಮ ನೆಲದಲ್ಲಿ ಒಂದು ಬಲಿಪೂಜೆಯಲ್ಲಿ ಭಾಗವಹಿಸಿದವರಲ್ಲ.

ಅದು ಹೇಗೆ ಸಾಧ್ಯವಾಯಿತು? ಪವಾಡ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ದೇವರು ಕೆಲಸ ಮಾಡುವುದು ಸಾಮಾನ್ಯ ದಾರಿಗಳಲ್ಲಿ. ಆ ದಾರಿಗಳನ್ನು ನೋಡದೆ ಪವಾಡ ಎನ್ನುವುದು ಸೋಮಾರಿತನ. ಪುಸ್ತಕಗಳನ್ನು ಕೈಬರಹದಲ್ಲಿ ನಕಲು ಮಾಡಿದರು. ಚೀನೀ ಲಿಪಿ ಪಂಡಿತರ ಸೊತ್ತಾಗಿತ್ತು. ಅಗಸ್ಟೀನ್ ಚೊಂಗ್ ಯಾಕ್ ಜೊಂಗ್ ಎಂಬ ವಿದ್ವಾಂಸ ಹೆಂಗಸರೂ ಆಳುಕಾಳುಗಳೂ ಓದಬಲ್ಲ ಕೊರಿಯದ ಸ್ವಂತ ಲಿಪಿಯಲ್ಲಿ, ಆಡುಮಾತಿನಲ್ಲಿ, ಎರಡು ಭಾಗಗಳ ಧರ್ಮೋಪದೇಶವನ್ನು ಬರೆದ. ಒಬ್ಬ ಪಂಡಿತ ತನ್ನ ಪಾಂಡಿತ್ಯದ ಭಾಷೆಯನ್ನು ಬದಿಗಿಟ್ಟು ಅಡುಗೆಮನೆಯ ಭಾಷೆಯಲ್ಲಿ ಬರೆಯುವುದು ಎಷ್ಟು ದೊಡ್ಡ ತ್ಯಾಗವೆಂದು ಬರೆಯುವವರಿಗೇ ಗೊತ್ತು.

ಇನ್ನೊಂದು ದಾರಿ ಊಟದ ಚಾಪೆ. ಆ ಸಮಾಜದಲ್ಲಿ ಕಟುಕರ ಜಾತಿಯನ್ನು ಊರ ಹೊರಗಿಟ್ಟಿದ್ದರು. ಹ್ವಾಂಗ್ ಇಲ್ ಗ್ವಾಂಗ್ ಎಂಬಾತ ಆ ಜಾತಿಯವನು. ಕ್ರೈಸ್ತರು ಅವನನ್ನು ತಮ್ಮ ಕೋಣೆಯೊಳಕ್ಕೆ ಕರೆದು, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ತನಗೆ ಎರಡು ಸ್ವರ್ಗಗಳಿವೆ, ಒಂದು ಸತ್ತ ಮೇಲೆ ಸಿಗುವುದು, ಇನ್ನೊಂದು ಈ ಜನ ತನ್ನನ್ನು ನಡೆಸಿಕೊಳ್ಳುವ ರೀತಿಯಲ್ಲಿ ಈಗಾಗಲೇ ಸಿಕ್ಕಿದೆ ಎಂದು ಆತ ಹೇಳುತ್ತಿದ್ದನಂತೆ. ಆತ 1802ರಲ್ಲಿ ರಕ್ತಸಾಕ್ಷಿಯಾದ. ನಮ್ಮ ದೇವಾಲಯಗಳಲ್ಲಿ, ನಮ್ಮ ಸ್ಮಶಾನಗಳಲ್ಲಿ ಯಾರು ಯಾರ ಪಕ್ಕ ಎಂಬ ಲೆಕ್ಕಾಚಾರ ಇನ್ನೂ ಮುಗಿದಿಲ್ಲವೆಂಬುದನ್ನು ನೆನೆದಾಗ ಈ ಕಟುಕ ಸಂತನ ಮಾತು ನನಗೆ ಸಾಂತ್ವನ ಕೊಡುವುದಿಲ್ಲ, ತಲೆ ತಗ್ಗಿಸುವಂತೆ ಮಾಡುತ್ತದೆ.

ಮೂರನೆಯದು ಹೆಂಗಸರು. ಕೊಲುಂಬಾ ಕಾಂಗ್ ವಾನ್ ಸುಕ್ ಎಂಬಾಕೆ ಗಂಡನಿಂದ ದೂರವಾಗಿ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಸಿಯೋಲಿಗೆ ಬಂದವಳು. (ಸೊಸೆಯ ಜೊತೆ ಹೊರಟ ಆ ಅತ್ತೆಯ ಬಗ್ಗೆಯೂ ಯಾರಾದರೂ ಬರೆಯಬೇಕು.) ಕುಲೀನ ಹೆಂಗಸಿನ ಮನೆಯನ್ನು ಸರ್ಕಾರದವರು ಸುಲಭವಾಗಿ ಶೋಧಿಸುವಂತಿರಲಿಲ್ಲ. ಆ ಕಟ್ಟುಪಾಡನ್ನೇ ಬೇಲಿಯಾಗಿ ಮಾಡಿಕೊಂಡು ಆಕೆ ಫಾದರ್ ಜೌ ಅವರನ್ನು ವರ್ಷಗಟ್ಟಲೆ ತನ್ನ ಮನೆಯಲ್ಲಿ ಅಡಗಿಸಿಟ್ಟಳು. ರಾಣಿವಾಸಕ್ಕೆ ಸೇರಿದ ಹೆಂಗಸರಿಂದ ಹಿಡಿದು ಮನೆಗೆಲಸದವರವರೆಗೆ ಉಪದೇಶಿಯಾದಳು. 1801ರ ಹಿಂಸೆಯ ವೇಳೆಗೆ ಕ್ರೈಸ್ತರ ಸಂಖ್ಯೆ ಸುಮಾರು 10,000ಕ್ಕೆ ಏರಿತ್ತು. ಆ ವರ್ಷ ಆಕೆಯನ್ನೂ ಕೊಂದರು. ಫಾದರ್ ಜೌ ಚೀನಾದ ಗಡಿಯ ಕಡೆಗೆ ಹೋಗಿದ್ದವರು, ತನಗಾಗಿ ಜನ ಸಾಯುತ್ತಿದ್ದಾರೆಂದು ತಿಳಿದು ಹಿಂದಿರುಗಿ ಬಂದು ತಾವಾಗಿ ಶರಣಾದರು.

ಅಂದಹಾಗೆ, ಇವರೆಲ್ಲ ಉಕ್ಕಿನ ಮನುಷ್ಯರೆಂದು ತಿಳಿಯಬೇಡಿ. ಮೊದಲು ಜ್ಞಾನಸ್ನಾನ ಪಡೆದ ಪೇತ್ರ ಯೀ ಸುಂಗ್ ಹೂನ್ ಮನೆಯವರ, ಸರ್ಕಾರದ ಒತ್ತಡಕ್ಕೆ ಮಣಿದು ವಿಶ್ವಾಸವನ್ನು ನಿರಾಕರಿಸಿದ್ದುಂಟು, ಅದೂ ಒಮ್ಮೆಯಲ್ಲ. ಕೊನೆಗೆ 1801ರಲ್ಲಿ ಅವನ ತಲೆಯನ್ನೂ ಕಡಿದರು. ನೇಪೊ ಸೀಮೆಯಲ್ಲಿ ಹಳ್ಳಿಹಳ್ಳಿಗೆ ವಿಶ್ವಾಸವನ್ನು ಹರಡಿದ ಯೀ ಜೊನ್ ಚಾಂಗ್ ಕೂಡ ಹಿಂಸೆಗೆ ಸೋತು ಒಮ್ಮೆ ಬಾಯಿಬಿಟ್ಟು ನಿರಾಕರಿಸಿದವನೇ. ಆಮೇಲೆ ಮರಳಿ ಬಂದು ಪ್ರಾಣ ಕೊಟ್ಟ. ಆದರೆ ಅವನಿಂದ ವಿಶ್ವಾಸ ಪಡೆದ ಅನೇಕರು ಅದನ್ನು ಕೈಬಿಡಲಿಲ್ಲ. ಕೊರಿಯದ ಮೊದಲ ಗುರು ಸಂತ ಅಂದ್ರೆಯ ಕಿಮ್ ತೆ ಗೊನ್ ಅವರ ಮನೆತನಕ್ಕೆ ವಿಶ್ವಾಸ ಬಂದದ್ದು ಈ ಬಿದ್ದು ಎದ್ದ ಮನುಷ್ಯನ ಮೂಲಕ. ಕೊಟ್ಟವನು ಬಿದ್ದರೂ ಪಡೆದವನು ನಿಂತ! ಏಕೆಂದರೆ ಪಡೆದ ಕ್ಷಣದಿಂದ ಅದು ಅವನ ಸ್ವಂತದ್ದಾಗಿತ್ತು. ಸಂತ ಥಾಮಸರ ವೈದ್ಯನ ಹೋಲಿಕೆ ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ.

ಈಗ ತೊಡಕಿನ ಭಾಗಕ್ಕೆ ಬರೋಣ. ‘ಸ್ವಂತದ್ದು’ ಎಂದರೆ ‘ನಮ್ಮ ಇಷ್ಟದಂತೆ’ ಎಂದು ಅರ್ಥವೇ?

1786ರ ಸುಮಾರಿಗೆ ಈ ಕ್ರೈಸ್ತರು ಒಂದು ಕೆಲಸ ಮಾಡಿದರು. ಬೀಜಿಂಗಿನಲ್ಲಿ ಗುರುಗಳಿರುವುದನ್ನು ಪೇತ್ರ ನೋಡಿದ್ದನಷ್ಟೆ. ನಮಗೂ ಬೇಕಲ್ಲವೇ ಎಂದು ತಮ್ಮಲ್ಲೇ ಹತ್ತು ಮಂದಿಯನ್ನು ಗುರುಗಳನ್ನಾಗಿ ಆರಿಸಿಕೊಂಡರು! ಪೂಜೆ ಅರ್ಪಿಸಿದರು, ಪಾಪನಿವೇದನೆ ಕೇಳಿದರು, ದೃಢೀಕರಣ ಕೊಟ್ಟರು. ಯಾವ ದುರುದ್ದೇಶವೂ ಇಲ್ಲ. ಮನೆಯಲ್ಲಿ ಹಿರಿಯರಿಲ್ಲದಾಗ ದೊಡ್ಡಣ್ಣ ಹಿರಿಯನ ಜಾಗದಲ್ಲಿ ಕೂರುವಂತೆ ಕೂತರು. ಜನ ಹರ್ಷದಿಂದ ಬಂದರು. ಆದರೆ ಅವರಲ್ಲೇ ಒಬ್ಬ ಪುಸ್ತಕವನ್ನು ಮತ್ತೆ ಓದುವಾಗ ತಡೆದು ನಿಂತ. ಗುರುದೀಕ್ಷೆ ಹೀಗೆ ಆರಿಸಿಕೊಳ್ಳುವಂಥದ್ದಲ್ಲ, ಪ್ರೇಷಿತರಿಂದ ಕೈಯಿಂದ ಕೈಗೆ ಬರುವಂಥದ್ದು ಎಂಬ ಸಂದೇಹ ಹುಟ್ಟಿತು. ತಕ್ಷಣ ಎಲ್ಲವನ್ನೂ ನಿಲ್ಲಿಸಿದರು. 1789ರಲ್ಲಿ ಪೌಲ ಯುನ್ ಯು ಇಲ್ ಎಂಬ ತರುಣನನ್ನು ವ್ಯಾಪಾರಿಯ ವೇಷದಲ್ಲಿ ಬೀಜಿಂಗಿಗೆ ಕಳುಹಿಸಿ ಧರ್ಮಾಧ್ಯಕ್ಷ ಗೊವೆಯಾ ಅವರನ್ನು ಕೇಳಿದರು. ಮುಂದಿನ ವರ್ಷ ಉತ್ತರ ಬಂತು. ಜ್ಞಾನಸ್ನಾನ ಕೊಡಬಹುದು, ಮಿಕ್ಕ ಸಂಸ್ಕಾರಗಳನ್ನು ನೀವು ಕೊಡುವಂತಿಲ್ಲ; ಮಾಡಿದ್ದಕ್ಕೆ ಪಶ್ಚಾತ್ತಾಪಪಡಿ, ಬೋಧನೆಯನ್ನು ಮುಂದುವರಿಸಿ.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಯಾರ ಕಾವಲೂ ಇಲ್ಲದ ಜನ. ಬೀಜಿಂಗ್ ತಿಂಗಳುಗಟ್ಟಲೆ ನಡೆಯುವ ದೂರ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಗುರುವೆನಿಸಿಕೊಂಡವನು ನಾಳೆ ಅದೇ ಜನರ ಮುಂದೆ "ನಾನು ಗುರುವಲ್ಲ, ತಪ್ಪಾಯಿತು" ಎಂದು ಹೇಳುವುದು ಸುಲಭವೇ? ಪಾಲನಾ ಸಮಿತಿಯ ಕಾರ್ಯದರ್ಶಿ ಸ್ಥಾನವನ್ನು ಬಿಟ್ಟುಕೊಡಲು ನಮ್ಮಲ್ಲಿ ಎಷ್ಟು ಕಾಲ ಹಿಡಿಯುತ್ತದೆಂದು ನಿಮಗೆ ಗೊತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಹಾಗೆ ಸಂಸ್ಕಾರಗಳನ್ನು ಕೊಟ್ಟದ್ದು ತಪ್ಪು, ಆದರೆ ಅದು ಪ್ರೀತಿಯ ತಪ್ಪು. ಅದನ್ನು ನಿಲ್ಲಿಸಿದ್ದೇ ಅವರು ನಿಜವಾದ ಧರ್ಮಸಭೆಯೆಂಬುದಕ್ಕೆ ಸಾಕ್ಷಿ. ತನ್ನದೆಂದು ಪ್ರೀತಿಸುವವನೇ ತನ್ನ ತಪ್ಪನ್ನು ತಾನೇ ಹುಡುಕುತ್ತಾನೆ. ಬಾಡಿಗೆಮನೆಯ ಗೋಡೆಯಲ್ಲಿ ಬಿರುಕು ಬಿಟ್ಟರೆ ನಾವು ಮಾಲೀಕರಿಗೆ ಹೇಳಿ ಸುಮ್ಮನಾಗುತ್ತೇವೆ, ಅಲ್ಲವೇ?

ಆದರೆ ಅದೇ ಸಮಯದಲ್ಲಿ ಬೀಜಿಂಗಿನಿಂದ ಇನ್ನೊಂದು ಉತ್ತರವೂ ಬಂತು. ಅದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ.

ಕೊರಿಯದ ಪ್ರತಿ ಮನೆಯಲ್ಲೂ ಪೂರ್ವಜರ ಹೆಸರು ಬರೆದ ಮರದ ಫಲಕಗಳಿರುತ್ತಿದ್ದವು. ಸತ್ತ ತಂದೆತಾಯಿಯರಿಗೆ ಅವುಗಳ ಮುಂದೆ ಎಡೆಯಿಟ್ಟು ನಮಸ್ಕರಿಸುವುದು ಮಗನ ಮೊದಲ ಕರ್ತವ್ಯ. ಇದನ್ನು ಮಾಡಬಹುದೇ ಎಂದು ಕ್ರೈಸ್ತರು ಕೇಳಿಸಿದರು. ಕೂಡದು ಎಂಬ ಉತ್ತರ 1790ರಲ್ಲಿ ಬಂತು. ಆಗ ರೋಮಿನ ನಿಯಮ ಹಾಗಿತ್ತು. ಉತ್ತರ ಕೇಳಿ ಕುಲೀನರಲ್ಲಿ ಅನೇಕರು ದೂರ ಸರಿದರು. ಜೊಂಜು ಸೀಮೆಯ ಪೌಲ ಯುನ್ ಜಿ ಚುಂಗ್ ವಿಧೇಯನಾದ. ಫಲಕಗಳನ್ನು ಸುಟ್ಟ. 1791ರಲ್ಲಿ ತಾಯಿ ತೀರಿಕೊಂಡಾಗ ಎಡೆಯಿಡದೆ, ಕ್ರೈಸ್ತ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದ. ತಾಯಿಗೆ ದ್ರೋಹ ಬಗೆದವನೆಂದು ಊರು ಕೂಗಿತು. ಅದೇ ವರ್ಷ ಅವನನ್ನೂ ಅವನ ಜೊತೆ ನಿಂತ ಬಂಧು ಯಕೋಬ ಗ್ವೊನ್ ಸಾಂಗ್ ಯೊನನನ್ನೂ ಜೊಂಜುವಿನಲ್ಲಿ ಶಿರಚ್ಛೇದ ಮಾಡಿದರು. ಆ ನೆಲದ ಮೊದಲ ರಕ್ತಸಾಕ್ಷಿಗಳೆಂದು ಅವರನ್ನು ಗೌರವಿಸುತ್ತಾರೆ. ಅವರ ಅವಶೇಷಗಳು ಇನ್ನೂರ ಮೂವತ್ತು ವರ್ಷಗಳ ನಂತರ, 2021ರಲ್ಲಿ, ಜೊಂಜು ಸಮೀಪ ಪತ್ತೆಯಾದವು.

1939ರಲ್ಲಿ ರೋಮ್ ತನ್ನ ನಿಲುವನ್ನು ಬದಲಿಸಿತು. ಚೀನಾದಲ್ಲಿ ಇಂಥ ಫಲಕಗಳ ಮುಂದೆ ತಲೆಬಾಗುವುದು ಹಿರಿಯರಿಗೆ ಸಲ್ಲಿಸುವ ಗೌರವವಷ್ಟೇ, ವಿಗ್ರಹಾರಾಧನೆಯಲ್ಲ ಎಂದು ಒಪ್ಪಿತು. ಇಂದು ಕೊರಿಯದ ಕಥೋಲಿಕ ಮನೆಗಳಲ್ಲಿ ಹಬ್ಬದ ದಿನ ಪೂರ್ವಜರ ಸ್ಮರಣೆ ಪ್ರಾರ್ಥನೆಯೊಂದಿಗೆ ನಡೆಯುತ್ತದೆ.

ಹಾಗಾದರೆ ಪೌಲ ಯುನ್ ಯಾವುದಕ್ಕಾಗಿ ಸತ್ತ? ಮುಂದೆ ಬದಲಾದ ಒಂದು ನಿಯಮಕ್ಕಾಗಿಯೇ? ಒಮ್ಮೆ ಯುವಜನರ ಶಿಬಿರದಲ್ಲಿ ಒಬ್ಬ ಹುಡುಗಿ ನನ್ನನ್ನು ನೇರವಾಗಿ ಹೀಗೇ ಕೇಳಿದಳು. ಆ ದಿನ ಏನೋ ಹೇಳಿ ನುಣುಚಿಕೊಂಡೆ. ಈಗಲೂ ನನ್ನಲ್ಲಿ ಸುಲಭದ ಉತ್ತರವಿಲ್ಲ. ತನಗೆ ತಿಳಿದ ಸತ್ಯಕ್ಕೆ ಪೂರ್ತಿಯಾಗಿ ಒಪ್ಪಿಸಿಕೊಂಡವನ ಸಾವು ವ್ಯರ್ಥವಲ್ಲ, ಅಂತಃಸಾಕ್ಷಿಗೆ ಬದ್ಧನಾದವನನ್ನು ದೇವರು ಕೈಬಿಡುವುದಿಲ್ಲ ಎಂದು ನಂಬುತ್ತೇನೆ. ಅಷ್ಟೇ ಹೇಳಿ ಮುಗಿಸಿದರೆ ಅದು ನಮ್ಮಂಥ ಗುರುಗಳಿಗೆ ಬಹಳ ಅನುಕೂಲದ ಮಾತಾಗುತ್ತದೆ. ಆ ಜನ ಪ್ರಶ್ನೆ ಕೇಳಿದರು, ಉತ್ತರ ಬಂತು. ಆದರೆ ಉತ್ತರ ಕೊಡುವ ಮುನ್ನ ಅವರನ್ನು ಯಾರಾದರೂ ಒಂದು ಪ್ರಶ್ನೆ ಕೇಳಿದರೇ? "ಆ ಫಲಕದ ಮುಂದೆ ನೀವು ತಲೆಬಾಗುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ?" ಎಂದು ಕೇಳಬಹುದಿತ್ತು. ಅದು ಗೊತ್ತಿದ್ದದ್ದು ಅವರಿಗೆ ಮಾತ್ರ. ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಸಿನೊಡಿನ ವೇಳೆ ಧರ್ಮಕೇಂದ್ರಗಳಲ್ಲಿ ಜನರ ಮಾತು ಆಲಿಸಿ ಎಂದಾಗ, ನಮ್ಮಲ್ಲಿ ಕೆಲವರು ಒಂದೇ ಸಂಜೆಯಲ್ಲಿ ಸಭೆ ಕರೆದು ಫಾರಂ ತುಂಬಿಸಿ ಮುಗಿಸಿದೆವು. ಆ ಕೆಲವರಲ್ಲಿ ನಾನೂ ಒಬ್ಬ.

1801ರ ನಂತರದ ಕಥೆಯನ್ನು ಬೇಗನೆ ಹೇಳುತ್ತೇನೆ. ಬದುಕುಳಿದವರು ಬೆಟ್ಟ ಸೇರಿದರು. ಇದ್ದಿಲು ಸುಟ್ಟರು, ಮಣ್ಣಿನ ಗಡಿಗೆ ಮಾಡಿದರು. ಗಡಿಗೆ ಮಾರುವವನು ಊರೂರು ಅಲೆದರೆ ಯಾರೂ ಸಂಶಯಪಡುವುದಿಲ್ಲ. ಹೊರೆಯೊಂದಿಗೆ ಸುದ್ದಿಯೂ ಪ್ರಾರ್ಥನೆಯೂ ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತಿತ್ತು. ಆ ಗಡಿಗೆಯನ್ನು ಅವರು ‘ಒಂಗ್ಗಿ’ ಎನ್ನುತ್ತಾರೆ. ಸಿಯೋಲಿನ ಕಾರ್ಡಿನಲ್ ಆಗಿದ್ದು 2009ರಲ್ಲಿ ನಿಧನರಾದ ಸ್ಟೀಫನ್ ಕಿಮ್ ಅವರು ತಮಗೆ ಇಟ್ಟುಕೊಂಡಿದ್ದ ಅಡ್ಡಹೆಸರು ಅದೇ. ಮೂವತ್ತು ವರ್ಷಕ್ಕೂ ಮಿಕ್ಕಿ ಆ ಬೆಟ್ಟದ ಹಳ್ಳಿಗಳಿಗೆ ಗುರುಗಳಿರಲಿಲ್ಲ. ಪ್ರತಿ ಹಳ್ಳಿಯಲ್ಲಿ ಒಬ್ಬ ಹಿರಿಯ ಪ್ರಾರ್ಥನೆ ನಡೆಸುತ್ತಿದ್ದ, ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಿದ್ದ, ಸಾಯುವವರ ಬಳಿ ಕೂರುತ್ತಿದ್ದ.

ಹಾಗಾದರೆ ಗುರುಗಳು ಬೇಡವೇ ಬೇಡ ಎಂದು ತೀರ್ಮಾನಿಸಲು ಆತುರಪಡಬೇಡಿ. ಈ ಜನ ಗುರುಗಳಿಗಾಗಿ ಹಂಬಲಿಸಿದಷ್ಟು ಜಗತ್ತಿನಲ್ಲಿ ಇನ್ನಾರಾದರೂ ಹಂಬಲಿಸಿದರೋ ಕಾಣೆ. ಧರ್ಮೋಪದೇಶ ಬರೆದ ಅಗಸ್ಟೀನನ ಮಗ ಪೌಲ ಚೊಂಗ್ ಹಾ ಸಾಂಗ್. ತಂದೆಯನ್ನು ಕೊಂದಾಗ ಪುಟ್ಟ ಹುಡುಗ. ಬೆಳೆದ ಮೇಲೆ ರಾಯಭಾರಿಗಳ ತಂಡದಲ್ಲಿ ಆಳಾಗಿ ಸೇರಿ ಬೀಜಿಂಗಿಗೆ ಒಂಬತ್ತು ಬಾರಿ ಹೋಗಿ ಬಂದ, ಗುರುಗಳನ್ನು ಕಳುಹಿಸಿ ಎಂದು ಬೇಡಲು. ಗೆಳೆಯರೊಂದಿಗೆ ಜಗದ್ಗುರುಗಳಿಗೇ ಪತ್ರ ಬರೆದ. 1831ರಲ್ಲಿ ಹದಿನಾರನೆಯ ಗ್ರೆಗೊರಿಯವರು ಕೊರಿಯಕ್ಕೆ ಧರ್ಮಾಧ್ಯಕ್ಷರನ್ನು ನೇಮಿಸಿದರು. ಆ ಧರ್ಮಾಧ್ಯಕ್ಷ ಬ್ರುಗಿಯೇರ್ 1835ರಲ್ಲಿ ಗಡಿ ಮುಟ್ಟುವ ಮುನ್ನವೇ ದಾರಿಯಲ್ಲಿ ತೀರಿಕೊಂಡರು. ಮುಂದಿನ ವರ್ಷ ಫಾದರ್ ಮೊಬಾಂ ಒಳಹೊಕ್ಕರು. ಪೌಲ 1839ರಲ್ಲಿ ರಕ್ತಸಾಕ್ಷಿಯಾದ; ಅವನ ತಾಯಿಯೂ ತಂಗಿಯೂ ಅದೇ ಹಾದಿ ಹಿಡಿದರು. ಅಂದ್ರೆಯ ಕಿಮ್ 1845ರಲ್ಲಿ ಗುರುದೀಕ್ಷೆ ಪಡೆದು ಮರುವರ್ಷವೇ ಪ್ರಾಣ ಕೊಟ್ಟರು. ಈ ಇಬ್ಬರನ್ನೂ ಸೇರಿಸಿ 103 ಮಂದಿಗೆ ಎರಡನೆಯ ಜಾನ್ ಪಾಲರು 1984ರಲ್ಲಿ ಸಿಯೋಲಿನಲ್ಲೇ ಸಂತ ಪದವಿ ನೀಡಿದರು. ಅವರಿಗಿಂತ ಮುಂಚಿನವರಾದ ಪೌಲ ಯುನ್, ಕೊಲುಂಬಾ, ಕಟುಕ ಹ್ವಾಂಗ್, ಫಾದರ್ ಜೌ ಮೊದಲಾದ 124 ಮಂದಿಯನ್ನು 2014ರಲ್ಲಿ ಪೋಪ್ ಫ್ರಾನ್ಸಿಸರು ಪುನೀತರೆಂದು ಘೋಷಿಸಿದರು.

ಗುರುಗಳಿಲ್ಲದೆ ಬದುಕಬಲ್ಲವರೇ ಗುರುಗಳಿಗಾಗಿ ಪ್ರಾಣ ಕೊಟ್ಟರು. ಮತ್ತಿಯ ಚೊಯ್ ಇನ್ ಗಿಲ್ ಎಂಬ ದುಭಾಷಿ 1795ರಲ್ಲಿ ಪೊಲೀಸರು ಫಾದರ್ ಜೌ ಅವರನ್ನು ಹುಡುಕಿಕೊಂಡು ಬಂದಾಗ, ನಾನೇ ಆ ಗುರು ಎಂದು ನಟಿಸಿ ಅವರು ತಪ್ಪಿಸಿಕೊಳ್ಳಲು ಸಮಯ ಮಾಡಿಕೊಟ್ಟ. ನಿಜ ತಿಳಿದ ಮೇಲೆ ಅವನನ್ನು ಹೊಡೆದು ಕೊಂದರು. ಹತ್ತು ವರ್ಷ ಮುಂಚೆ ಅವನ ಜನ ಗುರುಗಳಂತೆ ನಡೆದುಕೊಂಡದ್ದು ಒಂದು ರೀತಿ. ಇವನು ಗುರುವಿನ ವೇಷ ಧರಿಸಿದ್ದು ಇನ್ನೊಂದು ರೀತಿ.

ನಮ್ಮ ಮನೆಗಳ ಕಡೆ ತಿರುಗೋಣ. ಇಂದು ಕೊರಿಯದಲ್ಲಿ ಸುಮಾರು 60 ಲಕ್ಷ ಕಥೋಲಿಕರಿದ್ದಾರೆ, ನೂರಕ್ಕೆ ಹನ್ನೊಂದು ಮಂದಿ. ಅಲ್ಲೂ ಭಾನುವಾರದ ಪೂಜೆಗೆ ಬರುವವರು ಕಡಿಮೆಯಾಗಿದ್ದಾರೆ. ದೇವಾಲಯಗಳಿವೆ, ಗುರುಗಳಿದ್ದಾರೆ, ಯಾವ ಹಿಂಸೆಯೂ ಇಲ್ಲ. ಸಂಖ್ಯೆಯನ್ನು ಹೇಳಿ ಹೆಮ್ಮೆಪಡುವುದು ನನ್ನ ಉದ್ದೇಶವಲ್ಲ. ಪಕ್ಕದ ಮನೆಯವರ ಧರ್ಮವನ್ನು ಬದಲಿಸಲು ಹೊರಡಿ ಎಂದೂ ಹೇಳುತ್ತಿಲ್ಲ. ನಾನು ಕೇಳುವುದು ನಮ್ಮ ಮನೆಯ ಒಳಗಿನ ಮಾತು. "ಫಾದರ್, ಮಗ ಚರ್ಚಿಗೆ ಬರ್ತಿಲ್ಲ, ನೀವು ಸ್ವಲ್ಪ ಬುದ್ಧಿ ಹೇಳಿ" ಎಂದು ವಾರಕ್ಕೊಬ್ಬರಾದರೂ ನನ್ನ ಬಳಿ ಬರುತ್ತಾರೆ. ಬುದ್ಧಿ ಹೇಳುತ್ತೇನೆ. ಆದರೆ ಮನೆಯಲ್ಲಿ ಸಂಜೆ ಜಪಸರ ಯಾರು ಆರಂಭಿಸುತ್ತಾರೆ ಎಂದು ಕೇಳಿದರೆ ಮೌನ. ಮಗುವನ್ನು ಧರ್ಮೋಪದೇಶಕ್ಕೆ ಸಿಸ್ಟರ್ ಬಳಿ ಬಿಟ್ಟು ಗೇಟಿನ ಹೊರಗೆ ಬೈಕಿನ ಮೇಲೆ ಕುಳಿತು ಮೊಬೈಲ್ ನೋಡುವ ತಂದೆಗೆ, ಇದು ತನ್ನ ಕೆಲಸವೆಂದು ಅನ್ನಿಸುವುದೇ ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಆದರೆ ತಪ್ಪು ಅಪ್ಪನದು ಮಾತ್ರವೇ? ಹಾಡು ಯಾವುದು, ಹೂವು ಎಲ್ಲಿ, ಮೈಕು ಯಾರ ಕೈಯಲ್ಲಿ ಎಂಬುದನ್ನೆಲ್ಲ ನಾವೇ ನಿರ್ಧರಿಸುತ್ತಾ ಬಂದೆವು. ಮೂವತ್ತು ವರ್ಷ ಅತಿಥಿಯಂತೆ ಕೂರಿಸಿದವರನ್ನು ಒಂದು ದಿನ ಏಕಾಏಕಿ ಮನೆಯವರಂತೆ ನಡೆದುಕೊಳ್ಳಿ ಎಂದರೆ ಅವರೇನು ಮಾಡಿಯಾರು?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅಂತಿಯೋಕ್ಯದ ಪ್ರಸಂಗ ನಿಮಗೆ ನೆನಪಿರಬಹುದು. ಸ್ತೆಫಾನನ ಸಾವಿನ ನಂತರ ಚದರಿಹೋದವರಲ್ಲಿ ಕೆಲವರು, ಸಂತ ಲೂಕ ಹೆಸರನ್ನೂ ಹೇಳದ ಸಾಮಾನ್ಯ ಜನ, ಆ ಊರಲ್ಲಿ ಪ್ರಭುವಿನ ವಿಷಯ ಮಾತನಾಡಿ ದೊಡ್ಡ ಸಮುದಾಯವನ್ನೇ ಕಟ್ಟಿಬಿಟ್ಟಿದ್ದರು. ಜೆರುಸಲೇಮಿಗೆ ಸುದ್ದಿ ಹೋಗಿ ಬಾರ್ನಬನನ್ನು ನೋಡಿಕೊಂಡು ಬರಲು ಕಳುಹಿಸಿದರು. ಬಾರ್ನಬ ಬಂದು ಲೆಕ್ಕಪತ್ರ ಕೇಳಲಿಲ್ಲ, ಯಾರ ಅಪ್ಪಣೆ ಪಡೆದಿರಿ ಎನ್ನಲಿಲ್ಲ. ದೇವರ ಕೃಪೆಯನ್ನು ಕಂಡು ಸಂತೋಷಪಟ್ಟನೆಂದು ಬರೆದಿದೆ. ಆಮೇಲೆ ಕಲಿಸಲು ಒಬ್ಬ ಸಹಾಯಕ ಬೇಕೆಂದು ಸೌಲನನ್ನು ಹುಡುಕಿಕೊಂಡು ತಾರ್ಸಕ್ಕೆ ಹೋದ. ನಾನು ಆ ಬುಧವಾರ ಬಾರ್ನಬನಾಗಬಹುದಿತ್ತು. ಮುಳ್ಳು ಚುಚ್ಚಿಸಿಕೊಂಡು ಬಂದೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಮಳೆ ಇರಲಿಲ್ಲ. ಸ್ವಲ್ಪ ಬೇಗನೇ ಹೋದೆ. ಜಾರ್ಖಂಡಿನ ಎರಡೂ ಮನೆಯವರು ಮುಂದಿನ ಸಾಲಿನಲ್ಲೇ ಇದ್ದರು. ವಿಶ್ವಾಸಿಗಳ ಪ್ರಾರ್ಥನೆಯ ವೇಳೆ ಅವರಲ್ಲೊಬ್ಬಾಕೆ ತನ್ನ ಭಾಷೆಯಲ್ಲಿ ಏನನ್ನೋ ಬೇಡಿಕೊಂಡಳು. ಯಾರಿಗೂ ಅರ್ಥವಾಗಲಿಲ್ಲ; "ಪ್ರಭುವೇ ಆಲಿಸಿ" ಎಂದು ಎಲ್ಲರೂ ಹೇಳಿದರು. ಪೂಜೆ ಮುಗಿದ ಮೇಲೆ ಅಜ್ಜಿ ಒಂದು ಹಳೆಯ ನೋಟ್‌ಪುಸ್ತಕ ತಂದರು. ಅದರಲ್ಲಿ ಮೊಮ್ಮಗಳ ಕೈಬರಹದಲ್ಲಿ ಹೆಸರುಗಳಿದ್ದವು: ಯಾರಿಗೆ ಜ್ವರ, ಯಾರು ಎರಡು ವಾರದಿಂದ ಬಂದಿಲ್ಲ, ಯಾರ ಮನೆಯಲ್ಲಿ ಜಗಳ. "ಫಾದರ್, ಈ ಮೂರು ಮನೆಗೆ ನಾವು ಹೋಗಿ ಬಂದ್ವಿ. ಇದೊಂದು ಮನೆಗೆ ಮಾತ್ರ ನೀವೇ ಬರಬೇಕು. ಅವರು ಪಾಪನಿವೇದನೆ ಮಾಡಬೇಕಂತೆ" ಎಂದರು.

ಅಜ್ಜಿ ಮುಂದೆ, ನಾನು ಹಿಂದೆ, ಕೆಸರಿನ ದಾರಿಯಲ್ಲಿ ಹೊರಟೆವು.